ಬೇಲಿ ದಾಟಿದ ಜಾಲಿ

"ಕೆರೆ ಅಂಗಳದ ಜಾಲಿ ಕೀಳ್ಸಾಕೆ ಜೆಸಿಬಿ ಬರ್ತೈತಂತೆ ಕಣಪ್ಪ. ಎರಡು ದಿನದಾಗೆ ನೆಲ ಬಯಲು ಮಾಡಿಕೊಟ್ಟು ಹೋಗ್ತಾರಂತೆ."

ಬೇಲಿಯಾಚೆಯಿಂದ ಮಾವ ಈ ಸುದ್ದಿ ಹೇಳುವಾಗ ದನಿಯಲ್ಲಿ ಹಿಗ್ಗಿತ್ತು. ಸಂಬಂಧದಲ್ಲಿ ಮಾವನಲ್ಲ, ಊರ ವಾವೆಯಲ್ಲಿ ಮಾವ. ಕುರಿ, ಮೇಕೆ ಎರಡೂ ಇಟ್ಟುಕೊಂಡವರು. ಜಟಿಂಗ ರಾಮೇಶ್ವರ ಬೆಟ್ಟದ ಸುತ್ತಿನ ಹಳ್ಳ, ದಿಣ್ಣೆ, ಕಾಲುದಾರಿ ಎಲ್ಲವೂ ಅವರ ಕಾಲಿಗೆ ಗೊತ್ತು.

"ಎರಡು ದಿನದಲ್ಲಿ ಕೀಳಬಹುದು ಮಾವ. ಆಮೇಲೆ?"

"ಆಮೇಲೇನು? ಹುಲ್ಲು ಬರ್ತೈತೆ."

ಹಾಗೆ ಸುಮ್ಮನೆ ಬರುವುದಿಲ್ಲ ಎಂದು ನಾನು. ಯಾಕೆ ಬರಲ್ಲ ಎಂದು ಅವರು. ಬಿಸಿಲು ನೆತ್ತಿಗೆ ಏರಿದರೂ ಮಾತು ಮುಗಿಯಲಿಲ್ಲ.

ನಮ್ಮ ಕಡೆ ಬೇಲಿ ಎಂದರೆ ಬಳ್ಳಾರಿ ಜಾಲಿಯ ಮುಳ್ಳೇ. ಮಾವ ಅವತ್ತು ಮಾಡುತ್ತಿದ್ದದ್ದೂ ಅದೇ ಕೆಲಸ. ಹೋದ ವರ್ಷ ಹಾಕಿದ್ದ ಮುಳ್ಳು ಗೆದ್ದಲು ಹಿಡಿದು ಕುಸಿದಿತ್ತು. ಹೊಸ ಕೊಂಬೆಗಳನ್ನು ಕವೆಗೋಲಿನಿಂದ ಎತ್ತಿ ಒತ್ತುತ್ತಿದ್ದರು. ಕುರಿಹಟ್ಟಿಗೂ ಇದೇ ಬೇಲಿ, ಶೇಂಗಾ ಹೊಲಕ್ಕೂ ಇದೇ, ಬಣವೆ ಸುತ್ತಲೂ ಇದೇ. ಕಡಿದು ತಂದ ಕೊಂಬೆಯಲ್ಲಿ ನಾಲ್ಕು ಕಾಯಿ ಉಳಿದಿದ್ದರೆ ಸಾಕು, ಮುಂದಿನ ಮಳೆಗೆ ಬುಡದಲ್ಲೇ ಸಸಿ ಏಳುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದನ್ನು ನೋಡಬೇಕೆನ್ನುವವರು ನಮ್ಮೂರ ಬದುಗಳಿಗೆ ಬರಬಹುದು.

ಪಾತ್ರೆ ತೊಳೆಯುತ್ತಿದ್ದ ಅತ್ತೆ ಅಲ್ಲಿಂದಲೇ ದನಿ ಎತ್ತಿದರು. "ಅದನ್ನ ಬೈಬ್ಯಾಡ್ರಪ್ಪ. ನಾನು ಈ ಮನೆಗೆ ಕಾಲಿಟ್ಟಾಗಿಂದ ಒಲೆ ಉರಿದಿದ್ದು ಅದರಿಂದ್ಲೇ. ಗ್ಯಾಸು ಚಾ ಕಾಸಾಕೆ ಆಯ್ತು. ಮುದ್ದೆಗೆ, ಸ್ನಾನದ ನೀರಿಗೆ ಸೌದೆ ಬ್ಯಾಡ್ವಾ?"

ಅತ್ತೆಯ ಮಾತನ್ನು ತಳ್ಳಿಹಾಕುವಂತಿಲ್ಲ. ಮೊಳಕಾಲ್ಮೂರು, ಚಳ್ಳಕೆರೆ ಸೀಮೆಯಲ್ಲಿ ವರ್ಷಕ್ಕೆ ಐನೂರು ಮಿಲಿಮೀಟರ್ ಆಸುಪಾಸಿನ ಮಳೆ. ಅದೂ ಬಂದರೆ ಬಂತು. ಇಂಥ ನೆಲದಲ್ಲಿ ದುಡ್ಡಿಲ್ಲದವರ ಮನೆಗೂ ಬೆಂಕಿ ಒದಗಿಸಿದ ಮರ ಇದು. ಕೂಲಿ ಸಿಗದ ದಿನ ಇದ್ದಿಲು ಸುಟ್ಟು ಬದುಕಿದವರಿದ್ದಾರೆ. ಇಟ್ಟಿಗೆ ಗೂಡುಗಳು ಇದನ್ನೇ ನಂಬಿವೆ. ಬಳ್ಳಾರಿ ಜಾಲಿಯ ಮೇಲೆ ಕೋಪಗೊಂಡು ಮಾತಾಡುವವರು ಮೊದಲು ಯಾವುದಾದರೂ ಹಟ್ಟಿಯ ಅಡುಗೆಮನೆಗೆ ಹೋಗಿ ನಿಂತು, ಆಮೇಲೆ ಮಾತಾಡಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ಅದೇ ಹಟ್ಟಿಯ ಕುರಿಗೆ ಹುಲ್ಲಿಲ್ಲದಂತೆ ಮಾಡಿದ್ದೂ ಇದೇ ಮರ. ಲಾಭ ಒಬ್ಬರಿಗೆ, ನಷ್ಟ ಇನ್ನೊಬ್ಬರಿಗೆ ಆಗಿದ್ದರೆ ಜಗಳ ಬಗೆಹರಿಸುವುದು ಸುಲಭವಿತ್ತು. ಇಲ್ಲಿ ಎರಡೂ ಒಂದೇ ಮನೆಯೊಳಗಿವೆ: ಅತ್ತೆಯ ಒಲೆ ಒಂದು ಕಡೆ, ಮಾವನ ಹಿಂಡು ಇನ್ನೊಂದು ಕಡೆ.

"ಯಾವನಪ್ಪ ಇದನ್ನ ಇಲ್ಲಿಗೆ ತಂದೋನು?" ಎಂದರು ಮಾವ. ಬಳ್ಳಾರಿಯಿಂದ ಬಂತು ಎಂದೇ ಅವರು ತಿಳಿದಿದ್ದರು.

ಇದರ ತೌರು ಮೆಕ್ಸಿಕೋ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು ಇರುವ ಸೀಮೆ. ಮದರಾಸು ಪ್ರಾಂತ್ಯದಲ್ಲಿ ಅರಣ್ಯಾಧಿಕಾರಿಯಾಗಿದ್ದ ಬೆಡ್ಡೋಮ್ ಒಣನೆಲಕ್ಕೆ ಈ ಮರದ ಬೀಜ ಬೇಕೆಂದು 1876ರಲ್ಲಿ ಬರೆದರು. ಮರುವರ್ಷ ಜಮೈಕಾದಿಂದ ಬೀಜ ಬಂತು. ಕಡಪ ಜಿಲ್ಲೆಯ ಕಮಲಾಪುರದಲ್ಲಿ ಬಿತ್ತಿದರು. ನಮಗೇನು ದೂರವಲ್ಲ. ರಾಯದುರ್ಗ ದಾಟಿದರೆ ಅನಂತಪುರದ ಸೀಮೆ, ಅದರಾಚೆ ಕಡಪ. ಅದೇ ಹೊತ್ತಿಗೆ ಸಿಂಧ್ ಪ್ರಾಂತ್ಯಕ್ಕೂ ಹೋಯಿತು, 1913ರಲ್ಲಿ ಜೋಧಪುರಕ್ಕೆ ಹೋಯಿತು. 1940ರಲ್ಲಿ ಅಲ್ಲಿನ ಸಂಸ್ಥಾನ ಇದನ್ನು ರಾಜವೃಕ್ಷವೆಂದೇ ಸಾರಿ ಕಾಪಾಡಿತು. ಮುಂದೆ ಬರದ ದಶಕಗಳಲ್ಲಿ ಸರ್ಕಾರಗಳೇ ಊರೂರಲ್ಲಿ ಬಿತ್ತಿಸಿದವು. ಬೋಳು ಗುಡ್ಡಗಳಿಗೆ ಹಸಿರು ಬೇಕಿತ್ತು, ಬಡವರಿಗೆ ಸೌದೆ ಬೇಕಿತ್ತು. ತಂದವರಲ್ಲಿ ಕೆಟ್ಟ ಉದ್ದೇಶವಿರಲಿಲ್ಲ.

ಅವರು ಮೆಚ್ಚಿದ ಗುಣ ಮೂರು. ನೀರು ಕೇಳುವುದಿಲ್ಲ, ಎಲೆಗೆ ಮೇಕೆ ಬಾಯಿ ಹಾಕುವುದಿಲ್ಲ, ಕಡಿದರೆ ಮತ್ತೆ ಚಿಗುರುತ್ತದೆ. ಇವತ್ತು ನಾವು ಅಳುತ್ತಿರುವುದೂ ಇದೇ ಮೂರಕ್ಕೆ. ನೀರು ಕೇಳದ್ದಕ್ಕೆ ಕಾರಣ ಅದರ ಬೇರು. ಅರಿಜೋನಾದ ಗಣಿಯೊಂದರಲ್ಲಿ ಈ ಕುಲದ ಮರದ ಬೇರು 53 ಮೀಟರ್ ಆಳದಲ್ಲಿ ಸಿಕ್ಕ ದಾಖಲೆಯಿದೆ. ಎಲೆಯನ್ನು ದನಕುರಿಗಳು ಮೇಯದ್ದರಿಂದ ಹುಟ್ಟಿದ ಸಸಿಯೆಲ್ಲ ಮರವಾಗುತ್ತದೆ. ಕಡಿದ ಒಂದು ಬುಡ ಹತ್ತು ಕವಲಾಗಿ ಎದ್ದು, ಮನುಷ್ಯ ನುಗ್ಗಲಾರದ ಪೊದೆಯಾಗುತ್ತದೆ. ಶೇಂಗಾ ಹೊಲಕ್ಕೆ ರಾತ್ರಿ ಇಳಿಯುವ ಕಾಡುಹಂದಿ ಹಗಲೆಲ್ಲ ಮಲಗುವುದು ಆ ಪೊದೆಯಲ್ಲೇ.

"ಮೇಕೆ ಎಲೆ ತಿನ್ನಲ್ಲ, ಸರಿ. ಕಾಯಿ ತಿಂತಾವಲ್ಲ" ಎಂದರು ಮಾವ.

ಅಲ್ಲೇ ಇದೆ ಗುಟ್ಟು. ಬೇಸಿಗೆಯಲ್ಲಿ ಬೆಟ್ಟದ ಬುಡದಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲದಾಗ ಈ ಮರ ಹಳದಿ ಕಾಯಿ ಉದುರಿಸುತ್ತದೆ. ಕೈಯಲ್ಲಿ ಮುರಿದರೆ ಅಂಟು, ನಾಲಿಗೆಗೆ ಸಿಹಿ. ಮೇಕೆ ಓಡಿ ಬಂದು ತಿನ್ನುತ್ತದೆ. ಸಿಹಿ ತಿರುಳು ಅದರ ಹೊಟ್ಟೆಗೆ. ಗಟ್ಟಿ ಚಿಪ್ಪಿನ ಬೀಜ ಅರಗದೆ ಹಿಕ್ಕೆಯಲ್ಲಿ ಹೊರಗೆ. ಹೊಟ್ಟೆಯೊಳಗಿನ ರಸಕ್ಕೆ ಚಿಪ್ಪು ಮೆತ್ತಗಾಗಿರುತ್ತದೆ, ಜತೆಗೆ ಗೊಬ್ಬರವೂ ಸಿಕ್ಕಿರುತ್ತದೆ. ಮೊದಲ ಮಳೆ ಬಿದ್ದ ವಾರದಲ್ಲಿ ಕುರಿ ತರುಬಿದ ಹೊಲವನ್ನು ಬಗ್ಗಿ ನೋಡಿದ್ದೇನೆ. ಒದ್ದೆಯಾಗಿ ಒಡೆದ ಹಿಕ್ಕೆಯ ಒಳಗಿಂದಲೇ ಎರಡೆಲೆಯ ಸಸಿ ತಲೆ ಎತ್ತಿರುತ್ತದೆ. ಮೇಲೆ ಕಾಣುವುದು ಬೆರಳುದ್ದ. ಹಸಿ ಮಣ್ಣಿಂದ ಮೆಲ್ಲಗೆ ಎಳೆದರೆ ಬಿಳಿ ತಾಯಿಬೇರು ಅದಕ್ಕಿಂತ ಉದ್ದ ಬರುತ್ತದೆ. ಆ ವಾರ ಅದು ಮಗುವಿನ ಕೈಗೂ ಬರುತ್ತದೆ. ಎರಡು ಮುಂಗಾರು ಕಳೆದ ಮೇಲೆ ಗುದ್ದಲಿ ಬೇಕು, ಐದು ವರ್ಷಕ್ಕೆ ಜೆಸಿಬಿ ಬೇಕು. ನಿರ್ವಹಣೆ ಎಂದು ದೊಡ್ಡ ಕಚೇರಿಗಳಲ್ಲಿ ಏನೇನು ಬರೆದರೂ ಅದರ ಮುಕ್ಕಾಲು ಪಾಲು ಈ ಒಂದು ವಾರದಲ್ಲಿ ಅಡಗಿದೆ.

ಅಷ್ಟರಲ್ಲಿ ಕುಂಟುತ್ತಿದ್ದ ಒಂದು ಮರಿಯನ್ನು ಮಾವ ಹಿಡಿದು ತೊಡೆಯ ಮೇಲೆ ಮಗುಚಿಕೊಂಡರು. ಉಡಿದಾರಕ್ಕೆ ಕಟ್ಟಿದ ಚಿಮಟ ತೆಗೆದು ಗೊರಸಿನ ಸಂದು ಬಿಡಿಸಿದರು. ಮುಳ್ಳಿನ ಬುಡ ಮುರಿದುಹೋಗಿ ತುದಿ ಒಳಗೇ ಉಳಿದಿತ್ತು, ಸುತ್ತ ಕೀವು ಕಟ್ಟಿತ್ತು. ಕಿತ್ತು, ಅರಿಶಿನ ಎಣ್ಣೆ ಒತ್ತಿ ಬಿಟ್ಟರು. "ಕಾರೆಮುಳ್ಳು, ಬಾರೆಮುಳ್ಳು ನಮಗೆ ಹೊಸದಲ್ಲ. ಇದು ಚುಚ್ಚಿದ್ರೆ ಬಾವು ಬಂದೇ ಬರ್ತೈತೆ" ಎಂದರು. ಟ್ರ್ಯಾಕ್ಟರ್ ಇಟ್ಟವರು ಗಾಲಿಯ ಪಂಕ್ಚರಿನ ಲೆಕ್ಕ ಹೇಳುತ್ತಾರೆ. ಕುರಿಯವರ ಲೆಕ್ಕ ಗೊರಸಿನಲ್ಲಿದೆ, ಅದನ್ನು ಬರೆದುಕೊಂಡವರಿಲ್ಲ.

ನೆರೆಮನೆಯ ಕಾಲೇಜು ಹುಡುಗ ಮೊಬೈಲ್ ನೋಡುತ್ತ ಬಂದವನು, "ಹೊರದೇಶದ ಗಿಡಗಳನ್ನೆಲ್ಲ ಕಿತ್ತುಹಾಕಬೇಕು" ಎಂದ. ಈ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಚಳ್ಳಕೆರೆಗೆ ಎಣ್ಣೆ ಗಿರಣಿಗಳ ಹೆಸರು ಬಂದದ್ದು ಶೇಂಗಾದಿಂದ. ಶೇಂಗಾ ಬಂದದ್ದು ದಕ್ಷಿಣ ಅಮೆರಿಕದಿಂದ. ಮುದ್ದೆ ಜತೆಗಿನ ಸಾರಿನ ಮೆಣಸಿನಕಾಯಿ, ಟೊಮೆಟೊ ಆ ಕಡೆಯವೇ. ನಮ್ಮ ಗುಡ್ಡದ ಕಲ್ಲುಸಂದಿನ ಸೀತಾಫಲವೂ ಆ ಕಡೆಯದೇ. ಊರವರು ಬುಟ್ಟಿ ಕಟ್ಟಿ ಮಾರುತ್ತಾರೆ, ಕರಡಿಯೂ ತಿನ್ನುತ್ತದೆ. ಶೇಂಗಾ ಬಿತ್ತಿದ ಸಾಲಿನಲ್ಲಿ ಮಾತ್ರ ಇರುತ್ತದೆ, ಬಿತ್ತದಿದ್ದರೆ ಇಲ್ಲ. ಗಿಡ ಎಲ್ಲಿಂದ ಬಂತು ಎಂದು ಕೇಳಿ ಪ್ರಯೋಜನ ಕಡಿಮೆ. ಬಂದ ಮೇಲೆ ಇಟ್ಟ ಜಾಗದಲ್ಲಿ ಇದೆಯೇ, ಪಕ್ಕದವರಿಗೆ ಜಾಗ ಬಿಟ್ಟಿದೆಯೇ ಎಂದು ಕೇಳಬೇಕು.

ಗಿಡಮೂಲಿಕೆ ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದು ಅಶೋಕನ ಕಾಲದಿಂದಲೂ ಇದೆ. ನಮ್ಮ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಗುಡಿಯ ಹತ್ತಿರದ ಬಂಡೆಯ ಮೇಲೆ ಅವನ ಶಾಸನವಿದೆ. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದರೆಂದು ಬಳೆಗಾರರ ಗುಂಡು ಎಂದೇ ಅದಕ್ಕೆ ಹೆಸರು. ಜನ ಕೂತು, ನಡೆದು ಅಕ್ಷರ ಬಹಳ ಸವೆದಿವೆ. 1892ರಲ್ಲಿ ಬಿ.ಎಲ್. ರೈಸ್ ಇದನ್ನೂ, ಬ್ರಹ್ಮಗಿರಿ, ಸಿದ್ದಾಪುರದವನ್ನೂ ಗುರುತಿಸಿದರು. ತಾಯಿತಂದೆಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಬೇಕು, ಸತ್ಯ ನುಡಿಯಬೇಕು ಎನ್ನುವುದು ಈ ಶಾಸನಗಳ ಸಾರ. ಬೇರೆಡೆಯ ಅವನ ದೊಡ್ಡ ಶಾಸನವೊಂದರಲ್ಲಿ, ಮನುಷ್ಯರಿಗೂ ಪ್ರಾಣಿಗಳಿಗೂ ಬೇಕಾದ ಔಷಧಿ ಗಿಡಗಳು ಎಲ್ಲಿ ಇಲ್ಲವೋ ಅಲ್ಲಿಗೆ ತರಿಸಿ ನೆಡಿಸಿದ ಸಂಗತಿಯೂ ಇದೆ. ಪ್ರಾಣಿಗಳಿಗೆ ಏನು ಬೇಕು ಎಂದು ಅವನು ಕೇಳಿದ್ದ. ಬಳ್ಳಾರಿ ಜಾಲಿ ಬಿತ್ತಿದ ಕಾಲದಲ್ಲಿ ಆ ಪ್ರಶ್ನೆ ಕೇಳಿದ್ದರೆ ಮಾವನಂಥವರು ಉತ್ತರ ಕೊಡುತ್ತಿದ್ದರು.

ಆ ಬಂಡೆಯ ಬಳಿ ನಿಂತು ಏಪ್ರಿಲ್‌ನಲ್ಲಿ ಕೆಳಗೆ ನೋಡಿದವರು "ಎಷ್ಟು ಹಸಿರು!" ಎಂದು ಫೋಟೊ ತೆಗೆಯುವುದನ್ನು ನೋಡಿದ್ದೇನೆ. ಏಪ್ರಿಲ್‌ನಲ್ಲಿ ನಮ್ಮ ನೆಲ ಕಂದಾಗಿರಬೇಕು. ಹುಲ್ಲು ಒಣಗಿ ನಿಂತಿರಬೇಕು, ತಂಗಡಿ ಬಾಡಿರಬೇಕು, ಹಳ್ಳದ ದಂಡೆಯಲ್ಲಿ ಮಾತ್ರ ನಾಲ್ಕು ಹೊಂಗೆ, ಬೇವು ಹಸಿರಾಗಿರಬೇಕು. ಆ ತಿಂಗಳಲ್ಲಿ ಬಯಲ ತುಂಬ ಕಾಣುವ ಹಸಿರು ಹಳ್ಳಕ್ಕೆ, ಕೆರೆಗೆ, ಗೋಮಾಳಕ್ಕೆ ನುಗ್ಗಿದ ಜಾಲಿಯದು. ಉಪಗ್ರಹದ ಚಿತ್ರದಲ್ಲೂ ಅದು ಹಸಿರೇ. ಹುಲ್ಲುಗಾವಲನ್ನು ದೇಶದ ಬಂಜರು ನಕ್ಷೆಗಳು ಬಂಜರು ಎಂದೇ ಬರೆಯುತ್ತ ಬಂದಿವೆ. ಬಂಜರಾದರೆ ಮರ ನೆಡಬೇಕು ಎನ್ನುವುದು ಮುಂದಿನ ಮಾತು. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಕ್ಕೂ ಎರೆಲಡ್ಡು ಹಕ್ಕಿಗೂ ಬೇಕಿದ್ದ ಬಯಲಿನ ಮೇಲೆ ನೀಲಗಿರಿ ಎದ್ದು ನಿಂತಿತು. ಎರೆಲಡ್ಡು ಅಲ್ಲಿಂದ ಹೋಯಿತು. ಅದು ದೂರದಿಂದ ಬರುವ ನರಿಯನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡು ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿ. ಮರ ಅದಕ್ಕೆ ಗೋಡೆ.

"ಕಾವಲು ಹೋಯ್ತಲ್ಲಪ್ಪ, ಅದಕ್ಕಿಂತ ದೊಡ್ಡದೇನೈತೆ?" ಎಂದು ಮಾವ ಮಾತು ತಿರುಗಿಸಿದರು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಬಿಟ್ಟ ಕಾವಲುಗಳಲ್ಲಿ ಚಳ್ಳಕೆರೆಯವು ದೊಡ್ಡವು. ವರವು, ಕುದಾಪುರ, ದೊಡ್ಡ ಉಳ್ಳಾರ್ತಿ ಕಾವಲುಗಳ ಸುಮಾರು ಹತ್ತು ಸಾವಿರ ಎಕರೆ ಕೆಲವೇ ವರ್ಷಗಳಲ್ಲಿ ವಿಜ್ಞಾನ, ರಕ್ಷಣೆ, ಅಣುಶಕ್ತಿ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಗೋಡೆ ಎದ್ದಿತು, ಊರವರು ಹಸಿರು ನ್ಯಾಯಮಂಡಳಿಯ ಬಾಗಿಲಿಗೂ ಹೋದರು. ಆ ಕತೆ ಬೇರೆಯೇ, ದೊಡ್ಡದು. ಇಲ್ಲಿಗೆ ಬೇಕಾದ್ದು ಇಷ್ಟು: ಮೇಯುವ ಜಾಗ ಒಂದು ಕಡೆ ಕಡಿಮೆಯಾದಷ್ಟೂ ಉಳಿದ ಜಾಗದ ಮೇಲೆ ಗೊರಸು ಹೆಚ್ಚಾಯಿತು. ಬುಡಮಟ್ಟ ಮೇಯ್ದ ನೆಲದಲ್ಲಿ ಹುಲ್ಲು ಬೀಜ ಕಟ್ಟುವುದಿಲ್ಲ. ಬೀಜ ಕಟ್ಟದ ಖಾಲಿ ನೆಲಕ್ಕೆ ಜಾಲಿ ಬರುತ್ತದೆ. ಈ ಸೀಮೆಯ ಮ್ಯಾಸಬೇಡ ಸಮುದಾಯದ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳು ಬರದ ವರ್ಷ ಮೇವಿಗಾಗಿ ಪಡುವ ಪಾಡಿನ ಹಿಂದೆ ಗೋಡೆಯೂ ಇದೆ, ಮುಳ್ಳೂ ಇದೆ.

ಇದೇ ಕುಲದ್ದೊಂದು ಮರ ನಮ್ಮದೇ ಇದೆ ಎಂದರೆ ಮಾವ ನಂಬಲಿಲ್ಲ. ಬನ್ನಿ. ವಿಜಯದಶಮಿಯ ದಿನ ಸುತ್ತು ಹಾಕಿ, ಎಲೆ ಹಂಚಿ, ಬಂಗಾರ ಎಂದು ಹಿರಿಯರ ಕಾಲಿಗೆ ಬೀಳುವ ಅದೇ ಬನ್ನಿ. ಎರಡನ್ನೂ ಶಮಿಯ ಕುಲದಲ್ಲೇ ಇಟ್ಟು ಸಸ್ಯಶಾಸ್ತ್ರ ಬಹುಕಾಲ ಓದಿತು; ಈಚೆಗೆ ಅಮೆರಿಕದವಕ್ಕೆ ಬೇರೆ ಕುಲದ ಹೆಸರು ಕೊಟ್ಟಿದ್ದಾರೆ. ಬನ್ನಿಯೂ ನೀರು ಕೇಳುವುದಿಲ್ಲ, ಅದರ ಬೇರೂ ಆಳ. ಆದರೆ ಅದರ ಎಲೆ ಮೇವು, ಅದರ ನೆರಳಿನಲ್ಲಿ ಸಜ್ಜೆ ಬೆಳೆಯುತ್ತದೆ. ಬೆಳೆಯುವುದು ನಿಧಾನ. ಆ ನಿಧಾನಕ್ಕೇ ಅದನ್ನು ಬಿಟ್ಟು ಆತುರದ ಮರ ತಂದರು.

"ಹಂಗಾದ್ರೆ ಇದನ್ನ ತಿನ್ನೋ ಹುಳ ಬಿಟ್ರಾಯ್ತಲ್ಲ? ಪಾಪಾಸುಕಳ್ಳೀನ ಹುಳ ತಿಂದು ಮುಗಿಸ್ತಂತೆ, ನಮ್ಮಪ್ಪ ಹೇಳೋನು."

ಮಾವನ ತಂದೆ ಹೇಳಿದ್ದು ನಿಜ. ಒಂದು ಕಾಲಕ್ಕೆ ದಕ್ಷಿಣದ ಒಣಸೀಮೆಯಲ್ಲಿ ಪಾಪಾಸುಕಳ್ಳಿ ಈಗಿನ ಜಾಲಿಯಂತೆ ಹಬ್ಬಿತ್ತು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಕೆಂಪು ಬಣ್ಣ ತೆಗೆಯುವ ಆಸೆಯಿಂದ ಬ್ರೆಜಿಲ್‌ನಿಂದ ಕೊಚಿನೀಲ್ ಹುಳ ತಂದರು. ತಂದದ್ದು ಒಳ್ಳೆಯ ಬಣ್ಣ ಕೊಡುವ ಜಾತಿಯಲ್ಲ. ಬಣ್ಣದ ವ್ಯಾಪಾರ ಕುದುರಲಿಲ್ಲ. ಆದರೆ ಹುಳ ಒಂದು ಜಾತಿಯ ಕಳ್ಳಿಯನ್ನು ಹೀರಿ ಒಣಗಿಸಿತು. ಅದನ್ನು ಕಂಡು 1836ರ ಹೊತ್ತಿಗೆ ಕಳ್ಳಿ ತೆಗೆಯಲೆಂದೇ ಹುಳ ಬಿಟ್ಟರು. ಉಳಿದಿದ್ದ ಇನ್ನೊಂದು ಜಾತಿಗೆ 1926ರಲ್ಲಿ ಸಿಂಹಳದಿಂದ ಬೇರೆ ಕೊಚಿನೀಲ್ ಬಂತು. ಕೆಲವೇ ವರ್ಷಗಳಲ್ಲಿ ಕಳ್ಳಿಯ ಕೋಟೆ ಕರಗಿ ನೆಲ ಬಿಡುಗಡೆಯಾಯಿತು. ಕಳೆಯನ್ನು ಕೀಟದಿಂದ ಹತೋಟಿಗೆ ತಂದ ಜಗತ್ತಿನ ಮೊದಲ ಉದಾಹರಣೆಗಳಲ್ಲಿ ಇದು ಸೇರಿದೆ. ಇವತ್ತೂ ಬದುವಿನ ಕಳ್ಳಿಯ ಮೇಲೆ ಹತ್ತಿಯಂತೆ ಅಂಟಿದ ಬಿಳಿಯನ್ನು ಬೆರಳಲ್ಲಿ ಹೊಸಕಿದರೆ ನೆತ್ತರಿನಂಥ ಕೆಂಪು ಬರುತ್ತದೆ. ಹುಳ ಇನ್ನೂ ಕಾವಲಿಗಿದೆ.

ಕಾಂಗ್ರೆಸ್ ಕಳೆಗೂ ಹುಳ ಬಂತು. ಪುಣೆಯ ಸುತ್ತ ಐವತ್ತರ ದಶಕದಲ್ಲಿ ಕಣ್ಣಿಗೆ ಬಿದ್ದ ಆ ಗಿಡ ಕರ್ನಾಟಕವನ್ನೆಲ್ಲ ಮುಚ್ಚಿದಾಗ, ಮೆಕ್ಸಿಕೋದ ಜೀರುಂಡೆಯೊಂದನ್ನು ಪರೀಕ್ಷೆ ಮಾಡಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಅದು ಎಲೆ ತಿಂದು ಕಡ್ಡಿ ಉಳಿಸುತ್ತದೆ. ಬೇಸಿಗೆಯಲ್ಲಿ ಮಣ್ಣೊಳಗೆ ಹೋಗಿ ಮಲಗುತ್ತದೆ. ನಮ್ಮಂಥ ಬೇಸಿಗೆ ಉದ್ದವಾದ ಸೀಮೆಯಲ್ಲಿ ಅದರ ದುಡಿಮೆಯ ತಿಂಗಳು ಕಡಿಮೆ. ಪ್ರಯೋಜನವಿಲ್ಲ ಎನ್ನಲಾರೆ, ಸಾಕು ಎನ್ನಲೂ ಆರೆ.

ಜಾಲಿಗೆ ಹುಳ ಬಿಡುವುದು ಇಷ್ಟು ಸುಲಭವಲ್ಲ. ಮರವನ್ನೇ ಕೊಲ್ಲುವ ಕೀಟ ತಂದರೆ ಅತ್ತೆಯ ಒಲೆಗೆ ಏನು ಗತಿ? ಆ ಕೀಟ ಬನ್ನಿಯ ಮೇಲೆ ಕೂತರೆ? ದಕ್ಷಿಣ ಆಫ್ರಿಕಾದವರಿಗೂ ಇದೇ ಇಕ್ಕಟ್ಟು. ಅವರು ಮರವನ್ನು ಬಿಟ್ಟು ಬೀಜವನ್ನು ಮಾತ್ರ ಕೊರೆಯುವ ಜೀರುಂಡೆಯನ್ನು 1987ರಲ್ಲಿ ಬಿಟ್ಟರು. ಆದರೆ ಜೀರುಂಡೆ ಬರುವುದರೊಳಗೆ ಕುರಿ, ಮೇಕೆ, ದನ ಬಂದು ಕಾಯಿ ತಿಂದು ಮುಗಿಸುತ್ತಿದ್ದವು. "ಅಲ್ಲೂ ನಮ್ಮಂಥವ್ರೇ" ಎಂದು ಮಾವ ನಕ್ಕರು.

ಅವರಿಗೆ ನಗು ಬಂದದ್ದನ್ನು ಕಂಡು ಕೆನ್ಯಾದ ಮೇಕೆಯ ವಿಷಯ ಹೇಳಿದೆ. ಬರಿಂಗೊ ಸೀಮೆಯಲ್ಲಿ 1980ರ ದಶಕದಲ್ಲಿ ಇದೇ ಜಾಲಿಯನ್ನು ಹಸಿರೀಕರಣಕ್ಕೆಂದು ನೆಟ್ಟರು. ಇಪ್ಪತ್ತು ವರ್ಷದಲ್ಲಿ ಹುಲ್ಲುಗಾವಲು ಹೋಯಿತು. ಸಿಹಿ ಕಾಯಿಯನ್ನೇ ತಿಂದು ತಿಂದು ಮೇಕೆಗಳ ಹಲ್ಲು ಹುಳುಕಾಗಿ ಉದುರಿದವು. ಅಲ್ಲಿನ ಪಶುಪಾಲಕರು ಸರ್ಕಾರದ ಮೇಲೆ ದಾವೆ ಹೂಡಿದಾಗ ಹಲ್ಲಿಲ್ಲದ ಒಂದು ಮೇಕೆಯನ್ನೇ ಸಾಕ್ಷಿಯಾಗಿ ಕೋರ್ಟಿಗೆ ಒಯ್ದರು. ಮಾವ ನಗಲಿಲ್ಲ. ಪಕ್ಕದಲ್ಲಿದ್ದ ಮುದಿ ಹೋತವನ್ನು ಎಳೆದು ತುಟಿ ಬಿಡಿಸಿ ಹಲ್ಲು ನೋಡಿದರು.

ತಮಿಳುನಾಡಿನಲ್ಲಿ ಹೈಕೋರ್ಟಿನ ಮದುರೆ ಪೀಠವೇ ಈ ಜಾಲಿಯನ್ನು ಕೀಳಿರೆಂದು ಕಟ್ಟುನಿಟ್ಟು ಮಾಡಿತ್ತು. 2017ರಲ್ಲಿ ಊರೂರಲ್ಲಿ ಕಿತ್ತರು; ಆಮೇಲೆ ತಡೆಯೂ ಬಂತು, ಕಿತ್ತಲ್ಲೇ ಎಷ್ಟೋ ಕಡೆ ಮತ್ತೆ ಬೆಳೆಯಿತು. 2022ರಲ್ಲಿ ಆ ಸರ್ಕಾರ ಆಕ್ರಮಣಕಾರಿ ಸಸ್ಯಗಳಿಗೆಂದೇ ಒಂದು ನೀತಿ ಹೊರಡಿಸಿತು. ಅದರಲ್ಲಿ ಕೀಳುವುದರ ಜತೆಗೆ ನೆಲವನ್ನು ಮರಳಿ ಕಟ್ಟುವ ಮಾತೂ ಸೇರಿದೆ. ಕಚ್ಛ್‌ನಲ್ಲಿ ಬನ್ನಿ ಎಂದೇ ಹೆಸರಿರುವ ಹುಲ್ಲುಗಾವಲಿನದು ಇನ್ನೊಂದು ಪಾಠ. ಅಲ್ಲಿ ಅರಣ್ಯ ಇಲಾಖೆ 1961ರಲ್ಲಿ ಪಕ್ಕದ ರಣ್ ಎಂಬ ಉಪ್ಪುಬಯಲಿನ ಉಪ್ಪು ಮುಂದೆ ಬಾರದಿರಲೆಂದು ಇದನ್ನು ಬಿತ್ತಿತು. ಮರ ಹುಲ್ಲನ್ನು ನುಂಗಿತು. 2004ರಲ್ಲಿ, ಬೇರುಸಮೇತ ಕಿತ್ತು ಇದ್ದಿಲು ಸುಡಬಹುದು ಎಂದು ಅನುಮತಿ ಕೊಟ್ಟರು. ಜನ ಮೇಲಿನದನ್ನು ಕಡಿದು ಸುಟ್ಟರು, ಬೇರು ಬಿಟ್ಟರು. ಬೇರು ಕೀಳಲು ಕೂಲಿ ಯಾರು ಕೊಡುತ್ತಾರೆ? ಬುಡ ಮತ್ತೆ ಚಿಗುರಿತು, ಕೆಲವು ವರ್ಷಗಳಲ್ಲಿ ಅನುಮತಿಯೂ ಹೋಯಿತು. ಆದರೆ ಸರಿಯಾಗಿ ಕಿತ್ತು, ಬೇಲಿ ಹಾಕಿ, ಮೇಯಲು ಬಿಡದೆ ಕಾಯ್ದ ತುಂಡುಗಳಲ್ಲಿ ಹುಲ್ಲು ತಿರುಗಿ ಬಂದಿದೆ. ಬರುವುದಿಲ್ಲ ಎಂದು ನಾನು ಮಾವನಿಗೆ ಹೇಳಿದ್ದು ಕಾಯದ ನೆಲದ ಬಗ್ಗೆ.

"ಸರಿಯಾಗಿ ಕೀಳಾದು ಅಂದ್ರೆ ಹೆಂಗೆ?"

ಬೇಲಿಯ ಬುಡದಲ್ಲೇ ಒಂದು ಮೋಟು ಇತ್ತು. ಮಾವ ಹಾರೆ ತಂದರು. ಹೋದ ವರ್ಷ ಕೊಡಲಿಯಲ್ಲಿ ಕಡಿದದ್ದು. ಸುತ್ತ ಬೆರಳು ಗಾತ್ರದ ಕವಲುಗಳು ಎದ್ದಿದ್ದವು. ಮಣ್ಣು ಸರಿಸುತ್ತ ಹೋದರೆ ಕಾಂಡ ಬೇರಾಗುವ ಜಾಗ ದಪ್ಪಗೆ, ಗಂಟುಗಂಟಾಗಿ ಸಿಗುತ್ತದೆ. ಚಿಗುರುವ ಕಣ್ಣುಗಳೆಲ್ಲ ಆ ಗಂಟಿನಲ್ಲಿವೆ. ಅದರ ಕೆಳಗೆ, ನೆಲಮಟ್ಟದಿಂದ ಒಂದಡಿ ಆಳದಲ್ಲಿ ಕಡಿದು ಗಂಟನ್ನು ಹೊರಗೆ ತೆಗೆದರೆ ಆ ಮರ ಮುಗಿಯಿತು. ಬಾಕಿ ಬೇರು ಎಷ್ಟು ಆಳಕ್ಕೆ ಹೋಗಿದ್ದರೂ ಚಿಂತೆಯಿಲ್ಲ. ಗಂಟು ಉಳಿದರೆ ಮಾಡಿದ ಕೆಲಸವೆಲ್ಲ ಹಾಳು. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬಂದ ಜೆಸಿಬಿ ಮರವನ್ನು ತಳ್ಳಿ ಮುರಿದು ಗುಡ್ಡೆ ಹಾಕಿ ಹೋಗುತ್ತದೆ. ಗಂಟು ಬಂತೇ ಎಂದು ಇಳಿದು ನೋಡುವವರು ಬೇಕು. ಮಣ್ಣು ಬೇರೆ ಸಡಿಲವಾಗಿರುತ್ತದೆ, ಹಳೆಯ ಬೀಜ ವರ್ಷಗಟ್ಟಲೆ ಅದರಲ್ಲಿ ಕಾದು ಕೂತಿರುತ್ತದೆ. ಮುಂಗಾರು ಬಿದ್ದೊಡನೆ ಕಿತ್ತದ್ದಕ್ಕಿಂತ ಹೆಚ್ಚು ಸಸಿ.

ಜಗತ್ತಿನ ವಿಜ್ಞಾನಿಗಳು 2023ರಲ್ಲಿ ಸೇರಿಸಿದ ಲೆಕ್ಕದ ಪ್ರಕಾರ ಮನುಷ್ಯ ಒಂದೆಡೆಯಿಂದ ಇನ್ನೊಂದೆಡೆ ಒಯ್ದ ಜೀವಿಜಾತಿಗಳು 37,000ಕ್ಕೂ ಹೆಚ್ಚು. ಅವುಗಳಲ್ಲಿ ಹಾವಳಿ ಮಾಡುವಂಥವು 3,500ಕ್ಕೂ ಹೆಚ್ಚು. ಒಮ್ಮೆ ಹಬ್ಬಿದ ಮೇಲೆ ಪೂರ್ತಿ ಅಳಿಸುವುದು ಅಪರೂಪ ಎಂದೂ ಅವರೇ ಹೇಳಿದ್ದಾರೆ. ಹಾಗಾಗಿ ಇಡೀ ತಾಲ್ಲೂಕಿನ ಜಾಲಿ ನಿರ್ಮೂಲ ಎಂಬ ಘೋಷಣೆ ಕೇಳಿದರೆ ನನಗೆ ಭಯ. ದುಡ್ಡು ಊರಗಲಕ್ಕೆ ಚೆಲ್ಲಿಹೋಗುತ್ತದೆ. ಎಲ್ಲಿ ಹುಲ್ಲು ಇನ್ನೂ ಉಸಿರಾಡುತ್ತಿದೆಯೋ, ಜಾಲಿ ಆಗಷ್ಟೇ ಬರುತ್ತಿದೆಯೋ ಅಲ್ಲಿಂದ ಶುರು ಮಾಡಬೇಕು. ಬೆಟ್ಟದ ಬುಡದ ಇಳಿಜಾರು, ಕಾವಲಿನ ಉಳಿದ ಬಯಲು, ಕೆರೆಗೆ ನೀರು ತರುವ ಹಳ್ಳ. ದಟ್ಟ ಪೊದೆಯಾಗಿ ಹೋದ ರಸ್ತೆಬದಿಯ ಸಾಲು ಕೊನೆಗೆ ಇರಲಿ.

"ಆ ಸಾಲು ನಮಗೆ ಬಿಟ್ಬಿಡ್ರಿ" ಎಂದರು ಅತ್ತೆ, ಕೈ ಒರೆಸುತ್ತ ಬೇಲಿಯ ಹತ್ತಿರ ಬಂದು. "ಸೌದೆಗೆ ಅದು ಸಾಕು. ಕಾಯಿ ಆಗೋದ್ರೊಳಗೆ ಸರದಿ ಮೇಲೆ ಕಡೀತೀವಿ."

ಕಚೇರಿಯ ಯಾವ ಯೋಜನಾ ವರದಿಗೂ ಕಡಿಮೆಯಿಲ್ಲದ ಮಾತು. ಕಾಯಿ ಕಟ್ಟುವ ಮೊದಲೇ ಕಡಿದರೆ ಮರ ಇದ್ದೂ ಮಕ್ಕಳಿಲ್ಲ. ಹತ್ತು ಕವಲಿನಲ್ಲಿ ಒಂದೆರಡನ್ನೇ ಉಳಿಸಿ ನೇರ ಬೆಳೆಸಿದರೆ ಸೌದೆಯೂ ದಪ್ಪ, ಬುಡದಲ್ಲಿ ನಡೆದಾಡಲೂ ಜಾಗ. ಉದುರಿದ ಕಾಯಿಯನ್ನು ಹೆಕ್ಕಿ ಬೀಜಸಮೇತ ಅರೆದು ಹಾಕಿದರೆ ಮೇಕೆಗೆ ಮೇವೂ ಆಯಿತು, ಬೀಜವೂ ಸತ್ತಿತು. ಕಚ್ಛ್‌ನಲ್ಲಿ ಕಾಯಿ ಕೊಂಡು ಪಶು ಆಹಾರಕ್ಕೆ ಬಳಸಿದ್ದಾರೆ. ನಮ್ಮೂರ ಹಿಟ್ಟಿನ ಗಿರಣಿಯಲ್ಲಿ ಅಂಟು ಕಾಯಿ ಬೀಸಲು ಒಪ್ಪುತ್ತಾರೋ ಇಲ್ಲವೋ, ಚೆನ್ನಾಗಿ ಒಣಗಿಸಬೇಕು.

ಮಾವನಿಗೆ ಬೇರೆ ಚಿಂತೆ ಹತ್ತಿತ್ತು. ಕಾಯಿ ತಿಂದ ಮೇಕೆಯನ್ನು ಕಿತ್ತ ನೆಲಕ್ಕೆ ಬಿಡಬಾರದು ಎಂದರೆ, ಬೀಜ ಹೊಟ್ಟೆಯಿಂದ ಹೊರಗೆ ಹೋಗುವವರೆಗೆ ವಾರವಾದರೂ ಹಟ್ಟಿಯಲ್ಲಿ ಕೂಡಿಹಾಕಬೇಕು. ಆ ವಾರದ ಮೇವು ಎಲ್ಲಿಂದ? ಕೆರೆ ಅಂಗಳದಲ್ಲಿ ಹುಲ್ಲು ಬೀಜ ಕಟ್ಟುವವರೆಗೆ ಎರಡು ವರ್ಷ ಮೇಯಿಸಬಾರದು ಎಂದರೆ, ಆ ಎರಡು ವರ್ಷ ಹಿಂಡು ಎಲ್ಲಿಗೆ? ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿರಲಿಲ್ಲ. ಕೆರೆಯನ್ನು ಮೂರು ಪಾಲು ಮಾಡಿ ಎರಡು ವರ್ಷಕ್ಕೊಂದು ಪಾಲು ಕೀಳುವುದು, ಒಂದು ಪಾಲು ಕಾಯುವಾಗ ಇನ್ನೆರಡರಲ್ಲಿ ಮೇಯಿಸುವುದು ಎಂದೆ. ಮಾವ ಒಪ್ಪಿದರು, ಆದರೆ ಹಿಂಡು ಇರುವ ಬೇರೆ ಮನೆಗಳವರನ್ನೂ ಕೂಡಿಸಿ ಕೇಳಬೇಕು, ಒಬ್ಬನ ಮೇಕೆ ನುಗ್ಗಿದರೂ ಎಲ್ಲರ ದುಡಿಮೆ ಹೋಯಿತು ಎಂದರು. ಬನ್ನಿ ಬೀಜ ಗುಡಿಯ ಹಿಂದಿನ ಮರದಿಂದ ತಾನೇ ತರುತ್ತೇನೆ ಎಂದರು.

ಕಾಲೇಜು ಹುಡುಗನಿಂದ ಒಂದು ಹಾಳೆ ಇಸಕೊಂಡು, ಪಂಚಾಯ್ತಿಗೆ ಕೊಡುವ ಅರ್ಜಿ ಅಲ್ಲೇ ಬೇಲಿಯ ಮೇಲಿನಿಂದ ಹೇಳಿ ಬರೆಸಿದರು: ಜೆಸಿಬಿ ಬಾಡಿಗೆಗೆಂದು ಇಟ್ಟಿರುವ ದುಡ್ಡನ್ನು ಒಂದೇ ಸಲ ಖರ್ಚು ಮಾಡಬಾರದು, ಒಂದು ಪಾಲಿನ ಜಾಲಿಯನ್ನು ಮಾತ್ರ ಗಂಟುಸಮೇತ ಕೀಳಿಸಬೇಕು, ಉಳಿದ ದುಡ್ಡನ್ನು ಮುಂದಿನ ಮೂರು ಮುಂಗಾರಿನಲ್ಲಿ ಸಸಿ ಕೀಳುವ ಹೆಂಗಸರ ಕೂಲಿಗೆ ತೆಗೆದಿಡಬೇಕು. "ಹೆಂಗಸರ ಅಂತ ಯಾಕೆ? ನೀವೂ ಬಗ್ಗಿ ಕೀಳ್ರಿ" ಎಂದರು ಅತ್ತೆ. ಹುಡುಗ ಆ ಪದ ಹೊಡೆದು, ಊರವರ ಕೂಲಿಗೆ ಎಂದು ತಿದ್ದಿದ.